ಮೊದಲ ನಾ ತಗೊಂಡು ನೋಡತೇನಿ

ಮಾವನವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಉಗುರುಗಳನ್ನೆಲ್ಲ ರವಿವಾರ ಮುಂಜಾನೆ ಅಂಗಳದಲ್ಲಿ ಕೂತು ಚೊಕ್ಕಟವಾಗಿ ಕತ್ತರಿಸಿಕೊಳ್ಳುತ್ತಿದ್ದ ಅವರು ಅದೊಂದನ್ನು ಉಳಿಸಿಕೊಂಡಿದ್ದು ಕುಂಬಳದ ಬೀಜ ಸುಲಿಯಲಿಕ್ಕೆ. ಅಂಗಿಯ ಜೇಬಿನಲ್ಲಿ ಸದಾ ಹುರಿದ ಬೀಜ ಇರುತ್ತಿದ್ದವು. ಮಾತಾಡುತ್ತಲೇ ಒಂದನ್ನು ತೆಗೆದು, ಉಗುರಿನ ತುದಿಯಿಂದ ಸಿಪ್ಪೆ ಸೀಳಿ, ಒಳಗಿನ ಹಸಿರು ತಿರುಳನ್ನು ಬಾಯಿಗೆ ಹಾಕಿಕೊಳ್ಳುವರು. ಎದುರಿಗೆ ಕೂತವರಿಗೂ ಒಂದು ಸುಲಿದು ಕೊಡುವರು. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗ ನನಗೆ ಆ ಮನೆಯಲ್ಲಿ ಮೊದಲು ಸಿಕ್ಕಿದ್ದು ಉಪ್ಪಿಟ್ಟಲ್ಲ, ಒಂದು ಕುಂಬಳದ ಬೀಜ.

ವಿಜಾಪುರದ ಕಡೆಯವರು. ಕೇಂದ್ರ ಸರಕಾರದ ಲೆಕ್ಕಪತ್ರದ ಕಚೇರಿಯ ಕೆಲಸಕ್ಕೆಂದು ನಾಗಪುರಕ್ಕೆ ಬಂದು ಇಲ್ಲಿಯೇ ನಿವೃತ್ತರಾಗಿ ಇಲ್ಲಿಯೇ ಉಳಿದರು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಸಿಟ್ಟು ಬಂದರೆ ಹಿಂದಿ. ಅವರ ಮನೆಯ ಮುಂದಿನ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಇತ್ತು. ಬೇರೆಯವರ ಮನೆಯಲ್ಲಿ ಅಂಥ ಕಪಾಟಿನೊಳಗೆ ಬೆಳ್ಳಿಯ ಗಣಪತಿಯೋ ಮಕ್ಕಳ ಬಹುಮಾನಗಳೋ ಇದ್ದರೆ, ಇಲ್ಲಿ ಸೀಸೆಗಳು. ಗೋಖರೂ ಪುಡಿ, ಪುನರ್ನವದ ಗುಳಿಗೆ, ಅರಿಶಿನಕ್ಕೆ ಕರಿಮೆಣಸು ಬೆರೆಸಿದ್ದು, ಅಮೆರಿಕದ ಯಾವುದೋ ಕುಳ್ಳ ತಾಳೆಯ ಹಣ್ಣಿನ ಸಾರ, ಹೂವಿನ ಪರಾಗದಿಂದ ಮಾಡಿದ ಗುಳಿಗೆ. ನನ್ನ ಹೆಂಡತಿ ಅದನ್ನು ‘ಅಪ್ಪನ ದುಕಾನ’ ಎಂದು ಕರೆಯುತ್ತಿದ್ದಳು. ಇವೆಲ್ಲ ಯಾವ ಕಾಯಿಲೆಗೆ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ‘ವಯಸ್ಸಾದವರಿಗೆ ಇರೋವು’ ಎಂಬಷ್ಟರಲ್ಲಿ ಮಾತು ಮುಗಿಯುತ್ತಿತ್ತು. ನಾನೂ ಹಾಗೆಯೇ ತಿಳಿದಿದ್ದೆ, ಆ ಕಾಯಿಲೆ ನನಗೇ ಬರುವ ತನಕ.

ನಲವತ್ತು ದಾಟಿದ ಮೇಲೆ ನನಗೆ ಆ ನೋವು ಶುರುವಾಯಿತು. ಸದರ್‌ಪೇಟೆಯಲ್ಲಿರುವ ಬ್ಯಾಂಕೊಂದರಲ್ಲಿ ನನ್ನ ಕೆಲಸ. ಇಡೀ ದಿನ ಕುರ್ಚಿಯ ಮೇಲೆ. ಮೊದಮೊದಲು ಕೂತಲ್ಲಿ ಒಂದು ಬಗೆಯ ಭಾರ, ಚೆಂಡಿನ ಮೇಲೆ ಕೂತಿದ್ದೇನೇನೋ ಎಂಬ ಹಾಗೆ. ಆಮೇಲೆ ಕಿಬ್ಬೊಟ್ಟೆಯ ಕೆಳಗೆ, ತೊಡೆಗಳ ಸಂದಿಯಲ್ಲಿ ಮಂದವಾದ ನೋವು. ಮೂತ್ರಕ್ಕೆ ಹೋದರೆ ಉರಿ, ಬಂದು ಕೂತರೆ ಮತ್ತೆ ಹೋಗಬೇಕೆನ್ನುವ ಅವಸರ. ಸ್ಕೂಟರಿನ ಮೇಲೆ ಗುಂಡಿಯೊಂದು ಸಿಕ್ಕರೆ ಕಣ್ಣಲ್ಲಿ ನೀರು. ಹೆಂಡತಿಯ ಹತ್ತಿರ ಹೋದರೆ ಆಮೇಲೆ ಎರಡು ದಿನ ನರಕ. ಫೋನಿನಲ್ಲಿ ಹುಡುಕಿದರೆ ಪ್ರತಿ ಸಲವೂ ಕೊನೆಗೆ ಕ್ಯಾನ್ಸರ್ ಎಂಬ ಶಬ್ದವೇ ಎದುರಾಗುತ್ತಿತ್ತು. ಹೆದರಿ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಕೂಲರಿನ ಗಾಳಿ ಚೆನ್ನಾಗಿ ಬರುತ್ತದೆ ಎಂಬ ನೆವ ಹೇಳಿ ನಾನು ಹೊರಗಿನ ಕೋಣೆಯಲ್ಲಿ ಮಲಗತೊಡಗಿದೆ. ಬೇಸಿಗೆ ಮುಗಿಯಿತು, ಕೂಲರನ್ನು ಒರೆಸಿ ಗೋಣಿಚೀಲ ಹೊದಿಸಿ ಇಟ್ಟಿದ್ದೂ ಆಯಿತು. ನಾನು ಹೊರಗಿನ ಕೋಣೆಯಲ್ಲೇ ಉಳಿದೆ. ಹೆಂಡತಿ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದು ಇನ್ನೂ ಭಾರವಾಗಿತ್ತು.

ಒಂದು ರವಿವಾರ ಮಾವನವರು ಫೋನು ಮಾಡಿ, “ಅಳಿಯಂದ್ರ, ನಾಳೆ ಮುಂಜಾನೆ ನನ್ನ ಸಂಗಾಟ ಅಡ್ಡಾಡಾಕ ಬರ್ರಿ,” ಎಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಎಂದೂ ಹಾಗೆ ಕರೆದವರಲ್ಲ. ನಮ್ಮ ನಡುವೆ ಮಾವ ಅಳಿಯ ಎನ್ನುವ ಒಂದು ಒಣ ಮರ್ಯಾದೆ ಇತ್ತು. ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸುವರು, ನಾನು ಅವರೆದುರು ಕಾಲ ಮೇಲೆ ಕಾಲು ಹಾಕುತ್ತಿರಲಿಲ್ಲ.

ಮರುದಿನ ಅವರ ಮನೆಯ ಹತ್ತಿರದ ಕೆರೆಯ ದಂಡೆಯ ಮೇಲೆ ಸ್ವಲ್ಪ ದೂರ ನಡೆದೆವು. ಆಮೇಲೆ ಅವರು ನನ್ನ ಕಡೆ ನೋಡದೆ, ನೀರಿನ ಕಡೆ ನೋಡುತ್ತ ಕೇಳಿದರು.

“ಮೊನ್ನೆ ನಮ್ಮ ಮನ್ಯಾಗ ಊಟಕ್ಕ ಕುಂತಾಗ ನೋಡಿದೆ. ಕುಂಡ್ರಾಕ ತ್ರಾಸ ಆಗತೈತೇನ್ರಿ?”

ನಾನು ತಡವರಿಸಿದೆ. “ಹಂಗೇನಿಲ್ರಿ ಮಾವಾರ. ಬೆನ್ನು ಸ್ವಲ್ಪ...”

“ಬೆನ್ನಲ್ಲ. ಅದಕ್ಕೊಂದು ಹೆಸರೈತಿ. ಪ್ರಾಸ್ಟೇಟ್. ಕಣ್ಣು, ಮೂಗು, ಕಿವಿ ಇದ್ದಂಗ ಅದೂ ಒಂದು. ಹೆಸರು ಹಿಡದು ಕರೀಲಿಲ್ಲ ಅಂದ್ರ ಅದು ಭೂತ ಆಗಿ ಕುಂಡರತೈತಿ ನೋಡ್ರಿ. ನನಗೂ ಆಗಿತ್ತು. ಭಾಳ ವರ್ಷ ತ್ರಾಸ ಕೊಟ್ಟಿತು.”

ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಹೆಂಡತಿಯ ತಂದೆಯ ಜೊತೆ ಆಡುವ ಮಾತೇ ಇದು? ಆದರೆ ಕಾಲು ಓಡಲಿಲ್ಲ, ಬಾಯಿ ಓಡಿತು. ಎಲ್ಲವನ್ನೂ ಹೇಳಿಬಿಟ್ಟೆ, ಹೊರಗಿನ ಕೋಣೆಯ ಮಾತೊಂದನ್ನು ಬಿಟ್ಟು. ಅವರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಒಂದು ಬೀಜ ಸುಲಿದು ಕೈಯಲ್ಲಿಟ್ಟರು.

“ಇದನ್ನ ತಿಂದ್ರ ಆರಾಮ ಆಗತೈತೇನ್ರಿ?” ಎಂದೆ.

“ಗೊತ್ತಿಲ್ಲಪಾ. ಬಾಯಿಗೆ ರುಚಿ ಐತಿ,” ಎಂದು ನಕ್ಕರು.

“ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ, ಮಾವಾರ.”

“ನೀವು ಹೇಳೂ ತನಕ ನಾ ಹೇಳಂಗಿಲ್ಲ,” ಎಂದು ಮಾತು ಕೊಟ್ಟರು.

ಕಪಾಟಿನ ಬಾಗಿಲು ತೆರೆಯುತ್ತಾರೆಂದು ನಾನು ಕಾದಿದ್ದರೆ ಅವರು ಮೊದಲು ಕರೆದುಕೊಂಡು ಹೋಗಿದ್ದು ರಾಮದಾಸಪೇಠಿನ ಒಬ್ಬ ಮೂತ್ರರೋಗದ ಡಾಕ್ಟರ ಹತ್ತಿರ. “ಮೊದಲು ಅದು ಏನು ಅಲ್ಲ ಅಂಬೋದು ಗೊತ್ತಾಗಲಿ. ಆಮ್ಯಾಲೆ ನಮ್ಮ ದುಕಾನ,” ಎಂದರು. ಪರೀಕ್ಷೆಗಳಾದವು. ಕ್ಯಾನ್ಸರ್ ಅಲ್ಲ, ಸೋಂಕೂ ಇಲ್ಲ. ಸೋಂಕಿಲ್ಲದೆಯೂ ಈ ನೋವು ವರ್ಷಗಟ್ಟಲೆ ಇರಬಹುದು, ಹೋಗಬಹುದು, ಮತ್ತೆ ಬರಬಹುದು ಎಂದು ಡಾಕ್ಟರು ಹೇಳಿದರು. ಮಾವನವರು ತಮ್ಮ ಸೀಸೆಗಳ ಬಗ್ಗೆ ಒಂದೊಂದಾಗಿ ಕೇಳಿದರು. ಪರಾಗದ ಗುಳಿಗೆಯಿಂದ, ಕ್ವರ್ಸೆಟಿನ್ ಎಂಬ ಸಸ್ಯದ ಸಾರದಿಂದ ಕೆಲವರಿಗೆ ನೋವು ತಗ್ಗಿದ್ದುಂಟು, ಎಲ್ಲರಿಗೂ ಅಲ್ಲ. ಆ ತಾಳೆಯ ಹಣ್ಣಿನಿಂದ ಈ ನೋವಿಗೆ ಹೆಚ್ಚಿನ ಉಪಯೋಗ ಕಾಣೆ ಎಂದರು ಡಾಕ್ಟರು. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡಿವೆ, ಅವನ್ನು ಸಡಿಲಿಸುವ ವ್ಯಾಯಾಮ ಕಲಿಸಲು ಬೇರೆಯವರಿದ್ದಾರೆ, ಅಲ್ಲಿಗೆ ಹೋಗಿ ಎಂದೂ ಹೇಳಿದರು. ಆ ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಭಾಗದ ವ್ಯಾಯಾಮವನ್ನು ಇನ್ನೊಬ್ಬರಿಂದ ಕಲಿಯುವುದೆಂದರೆ ಹೇಗೆ!

ಹಾಗಾಗಿ ಉಳಿದದ್ದು ದುಕಾನ. ಅದಕ್ಕೆ ಮಾವನವರ ಕಾಯಿದೆ ಇತ್ತು. “ಒಮ್ಮಿಗೆ ಒಂದ ಗುಳಗಿ. ನಾಕು ಕೂಡಿಸಿ ನುಂಗಿದ್ರ ಆರಾಮ ಆದಾಗ ಯಾವುದಕ್ಕ ಹಾರ ಹಾಕೋದು, ಆಗಲಿಲ್ಲ ಅಂದ್ರ ಯಾವುದಕ್ಕ ಬಯ್ಯೋದು?” ಇನ್ನೊಂದು ಕಾಯಿದೆ ಅವರದು ಅವರಿಗೇ. ಹೊಸದು ಏನೇ ಬರಲಿ, “ಮೊದಲ ನಾ ತಗೊಂಡು ನೋಡತೇನಿ.” ಅವರು ನುಂಗಿ ಒಂದು ವಾರ ಆದ ಮೇಲೆಯೇ ಅದು ನನ್ನ ಕೈಗೆ ಬರುತ್ತಿತ್ತು. ಕ್ವರ್ಸೆಟಿನ್ ಉಳ್ಳಾಗಡ್ಡಿಯಲ್ಲೂ ಇರುತ್ತದೆಂದು ಎಲ್ಲೋ ಓದಿ, ಊಟಕ್ಕೆ ಹಸಿ ಉಳ್ಳಾಗಡ್ಡಿ ಗುದ್ದಿಕೊಂಡು ತಿನ್ನತೊಡಗಿದರು. ಅತ್ತೆಯವರು, “ಇವರ ಸಮೀಪ ಕುಂತು ಮಾತಾಡೂದs ಬಂದ್ ಆಗೈತಿ,” ಎಂದು ಮೂಗು ಮುಚ್ಚಿಕೊಂಡರು. ಮುಂಜಾನೆಯ ಅಡ್ಡಾಟ ಮುಗಿಸಿ ಪೋಹೆ ಮಾರುವ ಗಾಡಿಯ ಮುಂದೆ ನಿಂತಾಗ, ಇಡೀ ನಾಗಪುರ ಆ ಅವಲಕ್ಕಿಯ ಮೇಲೆ ತರ್ರಿ ಎಂಬ ಕೆಂಪು ಖಾರದ ಸಾರು ಸುರುವಿಕೊಂಡು ತಿನ್ನುತ್ತಿದ್ದರೆ ನಾವಿಬ್ಬರು ಮಾತ್ರ ತರ್ರಿ ಇಲ್ಲದ ಬೋಳು ಪೋಹೆ ತಿನ್ನುತ್ತಿದ್ದೆವು. ಖಾರ ತಿಂದರೆ ಉರಿ ಹೆಚ್ಚುತ್ತಿತ್ತಲ್ಲ. ಮಾವನವರು ಪಕ್ಕದವನ ತಟ್ಟೆಯನ್ನು ಪ್ರೀತಿಯಿಂದ ನೋಡುತ್ತ, “ವಾಸನಿಗೆ ಏನೂ ಅಡ್ಡಿ ಇಲ್ಲ,” ಎನ್ನುವರು.

ಒಮ್ಮೆ ಹಳೆಯ ಪೇಟೆಯಾದ ಮಹಾಲಿನ ಗಲ್ಲಿಯಲ್ಲಿರುವ ಜಡಿಬೂಟಿಯ ಅಂಗಡಿಗೆ ಹೋಗಿದ್ದೆವು. ನಿಲ್ಲಲು ಜಾಗವಿಲ್ಲದಷ್ಟು ಗಿರಾಕಿಗಳು, ಹೆಂಗಸರೂ ಇದ್ದರು. ಮಾವನವರು ಗೋಖರೂ ಕೇಳಿದರು. ಅದೇ ನಮ್ಮ ಕಡೆಯ ನೆಗ್ಗಿಲು ಮುಳ್ಳು. ಅಂಗಡಿಯವನು ತೂಗುತ್ತ ನನ್ನ ಮುಖ ನೋಡಿ, “ಕುಣಾಸಾಠೀ, ಕಾಕಾ?” ಎಂದು ಗಟ್ಟಿಯಾಗಿ ಕೇಳಿದ. ಯಾರಿಗೆ ಎಂದು. ನನ್ನ ಕಿವಿ ಬಿಸಿಯಾದವು. “ಮಾಝ್ಯಾಸಾಠೀಚ,” ಎಂದರು ಮಾವನವರು ಅಷ್ಟೇ ಗಟ್ಟಿಯಾಗಿ. ತಮಗೇ ಎಂದು. ಆಮೇಲೆ ಅಲ್ಲಿದ್ದವರಿಗೆಲ್ಲ ಕೇಳುವಂತೆ, ತಮಗೆ ಮೂತ್ರದ ಉರಿ ಎಂದೂ, ಅದು ಮನುಷ್ಯರಿಗೆ ಬರುವಂಥದೇ ಎಂದೂ ಮರಾಠಿಯಲ್ಲಿ ವಿವರಿಸಿದರು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ನಗಲಿಲ್ಲ. ತನ್ನ ಗಂಡನಿಗೂ ಹಾಗೆಯೇ ಆಗುತ್ತದೆ, ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ಕೇಳಿದಳು.

ಪರಾಗದ ಗುಳಿಗೆಯಿಂದ ನನಗೆ ಸ್ವಲ್ಪ ಅನುಕೂಲವಾದಂತೆ ತೋರಿತು. ಆದರೆ ಮಾರ್ಚ್ ಬಂತು. ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ಹೊತ್ತು, ಕುರ್ಚಿ ಬಿಟ್ಟು ಏಳಲು ಬಿಡುವಿಲ್ಲ. ನೋವು ಮೊದಲಿಗಿಂತ ಜೋರಾಗಿ ಮರಳಿತು. ಒಂದು ಮುಂಜಾನೆ ಅಡ್ಡಾಡುವಾಗ, “ಇನ್ನ ನನ್ನ ಕೈಲಿ ಆಗಂಗಿಲ್ರಿ ಮಾವಾರ. ಹಿಂಗs ಇದ್ರ ಬದುಕಿ ಏನು ಮಾಡೋದೈತಿ,” ಎಂದುಬಿಟ್ಟೆ. ಅವರು ನಿಂತರು. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅಂದು ಬೀಜ ಸುಲಿಯಲಿಲ್ಲ.

ಅದಾದ ಕೆಲವು ದಿನಗಳಲ್ಲಿ ಅವರ ಮುಖ ಸ್ವಲ್ಪ ಊದಿದಂತೆ ಕಾಣತೊಡಗಿತು. ಕೇಳಿದರೆ, “ಚಲೋ ನಿದ್ದಿ ಬರಾಕತ್ತೈತಿ, ಅದಕ್ಕ,” ಎಂದರು. ಬಲು ಹುರುಪಿನಲ್ಲಿದ್ದರು. ಒಂದು ಮುಂಜಾನೆ ಪೋಹೆಯ ಗಾಡಿಯ ಮುಂದೆ ನಿಂತವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, “ಹಿಡೀರಿ,” ಎಂದವರೇ ಕುಸಿದರು. ಪ್ರಜ್ಞೆ ಬಂದಾಗ ಕಪ್ಪಾಗಿ ವಾಂತಿ ಮಾಡಿದರು. ಗಾಡಿಯವನೂ ನಾನೂ ಸೇರಿ ಅವರನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ರಕ್ತ ಕೊಟ್ಟರು. ಮಧ್ಯಾಹ್ನ ಅವರು ಮಾತಾಡುವಂತಾದಾಗ ಹಾಸಿಗೆಯ ಸುತ್ತ ಅತ್ತೆಯವರು, ನನ್ನ ಹೆಂಡತಿ, ನಾನು ನಿಂತಿದ್ದೆವು. ಏನೇನು ಔಷಧಿ ತೆಗೆದುಕೊಳ್ಳುತ್ತಿದ್ದಿರಿ ಎಂದು ಅಲ್ಲಿನ ಡಾಕ್ಟರು ಕೇಳಿದರು. ಮಾವನವರು ಮೊದಲು ರಕ್ತದೊತ್ತಡದ ಗುಳಿಗೆ ಎಂದರು. ಆಮೇಲೆ ಮೆಲ್ಲಗೆ, ಸದರ್‌ನಲ್ಲಿ ಒಬ್ಬನ ಹತ್ತಿರ ಒಂದು ಕಂದು ಪುಡಿ ತಂದಿದ್ದೆ, ಬರೀ ಜಡಿಬೂಟಿ ಅಂದಿದ್ದ, ಹಳೆಯ ನೋವಿಗೆ ಎಂದರು. ಇಂಥ ಪುಡಿಗಳಲ್ಲಿ ಎಷ್ಟೋ ಸಲ ನೋವಿನ ಗುಳಿಗೆಯನ್ನೂ ಸ್ಟೀರಾಯ್ಡನ್ನೂ ಅರೆದು ಹಾಕಿರುತ್ತಾರೆ, ನಿಮ್ಮ ಮುಖ ಊದಿದ್ದೂ ಅದರಿಂದಲೇ ಇರಬೇಕು ಎಂದರು ಡಾಕ್ಟರು.

ಅತ್ತೆಯವರು ಅಳುತ್ತಲೇ ಬೈದರು. “ಇವರಿಗೇನು ಧಾಡಿ ಆಗಿತ್ತು? ಆ ನೋವು ಹೋಗಿ ವರ್ಷಗಟ್ಲೆ ಆತು. ಆರಾಮ ಇದ್ದ ಮನಶ್ಯಾ ಬೇಕಂತ ವಿಷಾ ತಿಂತಾರೇನು?”

“ಅಪ್ಪಾ, ಖರೇ ಹೇಳು. ಯಾಕ ತಗೊಂಡಿ?” ಎಂದಳು ನನ್ನ ಹೆಂಡತಿ.

ಮಾವನವರು ಕಣ್ಣು ಮುಚ್ಚಿಕೊಂಡು, “ಮತ್ತ ಬಂದಿತ್ತವ್ವಾ ನೋವು. ನನ್ನ ಹುಚ್ಚುತನ, ಬಿಡು,” ಎಂದರು.

ಕೈಗೆ ಸೂಜಿ ಚುಚ್ಚಿಸಿಕೊಂಡು, ಬಿಳಚಿದ ತುಟಿಯಲ್ಲಿ ಮಲಗಿದ್ದ ಆ ಮನುಷ್ಯ ನನಗೆ ಕೊಟ್ಟ ಮಾತನ್ನು ಕಾಯುತ್ತಿದ್ದರು. ನಾನೇ ಹೇಳಿದೆ. “ನೋವು ಅವರಿಗೆ ಬಂದಿರಲಿಲ್ಲ. ನನಗೈತಿ. ನನ್ನ ಸಲುವಾಗಿ ತಂದು, ಮೊದಲು ತಾವು ತಗೊಂಡು ನೋಡ್ಯಾರ.”

ಹೆಂಡತಿ ನನ್ನನ್ನು ನೋಡಿದಳು, ತಂದೆಯನ್ನು ನೋಡಿದಳು, ಹೊರಗೆ ನಡೆದಳು. ನಾನು ಅವಳ ಹಿಂದೆ ಹೋದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ, ಹೋಗಿಬರುವವರ ನಡುವೆಯೇ ಎಲ್ಲವನ್ನೂ ಹೇಳಿದೆ. ಯಾವ ಜಾಗದ ನೋವು, ಯಾವಾಗ ಹೆಚ್ಚುತ್ತದೆ, ಹೊರಗಿನ ಕೋಣೆಯಲ್ಲಿ ಯಾಕೆ ಮಲಗಿದೆ ಎಂದು. ಅವಳು ಗೋಡೆಗೆ ಒರಗಿ ನಿಂತು ಕೇಳಿದಳು.

“ಇದೇನಾ?” ಎಂದಳು. “ಇಷ್ಟೇನಾ? ನಾ ನಿಮಗ ಬ್ಯಾಡಾದೆ ಅಂತ ತಿಳಕೊಂಡಿದ್ದೆ. ಬ್ಯಾರೆ ಯಾರರೆ ಇದ್ದಾರೇನೋ ಅಂತ ನಿಮ್ಮ ಫೋನು ಸೈತ ನೋಡೇನಿ.”

“ಏನು ಸಿಕ್ಕಿತು?”

“ಪ್ರಾಸ್ಟೇಟ್ ಅಂತ ಸಿಕ್ಕಿತು. ಅಪ್ಪನ ಸಲುವಾಗಿ ಹುಡುಕ್ಯಾರ ಅನಕೊಂಡೆ!” ಎಂದು ಅಳುತ್ತಲೇ ನಕ್ಕಳು.

ಮನೆಗೆ ಬಂದು ಎದ್ದು ಓಡಾಡುವಂತಾದ ಮೇಲೆ ಮಾವನವರು ಮಾಡಿದ ಮೊದಲ ಕೆಲಸ, ನನ್ನ ಸ್ಕೂಟರಿನ ಹಿಂದೆ ಕೂತು ಸದರ್‌ಗೆ ಹೊರಟಿದ್ದು. ಬೇಡವೆಂದರೂ ಕೇಳಲಿಲ್ಲ. ಹಳೆಯ ಕಟ್ಟಡವೊಂದರ ಮಾಳಿಗೆಯ ಮೇಲೆ ಆ ಪುಡಿಯವನ ಖೋಲಿ. ಕತ್ತಲೆಯ ಮೆಟ್ಟಿಲುಗಳ ಉದ್ದಕ್ಕೂ ಗಂಡಸರು ಸಾಲಾಗಿ ನಿಂತಿದ್ದರು. ಪರಿಚಯದವರು ಯಾರಾದರೂ ಗುರುತು ಹಿಡಿದಾರೆಂದು ಕೆಲವರು ಹೆಲ್ಮೆಟ್ಟನ್ನೇ ತೆಗೆದಿರಲಿಲ್ಲ, ಕೆಲವರು ಮುಖಕ್ಕೆ ಟವೆಲು ಸುತ್ತಿಕೊಂಡಿದ್ದರು. ಮಾವನವರು ನಡುಮೆಟ್ಟಿಲ ಮೇಲೆ ನಿಂತು, ಸೂಜಿ ಚುಚ್ಚಿ ನೀಲಿಗಟ್ಟಿದ ತೋಳನ್ನು ಎತ್ತಿ ತೋರಿಸಿದರು. “ಮುಝೇ ಭೀ ವಹೀ ತಕಲೀಫ್ ಹೈ, ಭಾಯಿ,” ಎಂದು ಹಿಂದಿಯಲ್ಲಿ ಶುರು ಮಾಡಿದರು. ನನಗೂ ನಿಮ್ಮದೇ ತೊಂದರೆ. ಈ ಪುಡಿಯಿಂದ ನೋವು ಹೋಯಿತು, ಅದರ ಹಿಂದೆಯೇ ಪ್ರಾಣವೂ ಹೋಗುತ್ತಿತ್ತು. ಮೊದಲು ಡಾಕ್ಟರಿಗೆ ತೋರಿಸಿ. ಸೀಸೆಯ ಮೇಲೆ ಒಳಗೇನಿದೆ ಎಂದು ಬರೆಯದೆ ಇದ್ದದ್ದನ್ನು ನುಂಗಬೇಡಿ. ನಾಚಿಕೆ ಬಂದರೆ ನನ್ನ ಜೊತೆ ಬನ್ನಿ.

ಪುಡಿಯವನು ಮೇಲಿನಿಂದ ಬೈಯುತ್ತ ಇಳಿದುಬಂದ. ಮಾವನವರು ಕದಲಲಿಲ್ಲ. ಕೆಲವರು ಅಲ್ಲೇ ನಿಂತರು. ಕೆಲವರು ಇಳಿದು ಹೋದರು. ಹೆಲ್ಮೆಟ್ ಹಾಕಿಕೊಂಡಿದ್ದ ಒಬ್ಬ ಕೆಳಗೆ ಬಂದು, ಹೆಲ್ಮೆಟ್ ತೆಗೆದು, ನಮ್ಮ ಹತ್ತಿರ ನಿಂತ.

ಅಲ್ಲಿಂದ ಮುಂದೆ ಮುಂಜಾನೆಯ ಅಡ್ಡಾಟಕ್ಕೆ ನಾವಿಬ್ಬರೇ ಇರುತ್ತಿರಲಿಲ್ಲ. ಯಾರಾದರೊಬ್ಬ ಅಪರಿಚಿತ ಬಂದು ಮಾವನವರ ಪಕ್ಕದಲ್ಲಿ ಹೆಜ್ಜೆ ಹಾಕುವನು. ಆಗ ನಾನು ಹಿಂದೆ ಉಳಿಯುತ್ತಿದ್ದೆ.

ವ್ಯಾಯಾಮ ಕಲಿಸುವವರ ಹತ್ತಿರ ನನ್ನನ್ನು ಹೆಂಡತಿಯೇ ಎಳೆದುಕೊಂಡು ಹೋದಳು. ಹೊಟ್ಟೆ ಉಬ್ಬಿಸಿ ಮೆಲ್ಲಗೆ ಉಸಿರಾಡುವುದು, ಮೊಣಕಾಲು ಎದೆಗೆ ತಂದು ಸ್ನಾಯು ಸಡಿಲ ಬಿಡುವುದು, ಹೀಗೆ. ಮಾವನವರು ಅದನ್ನೂ ಬಿಡಲಿಲ್ಲ. ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ, ನಾನು ಮಲಗುವುದನ್ನು ಬಿಟ್ಟಿದ್ದ ಜಾಗದಲ್ಲಿ, ಚಾಪೆ ಹಾಸಿಕೊಂಡು ನನ್ನ ಪಕ್ಕಕ್ಕೆ ಮಲಗಿ ಕಾಲೆತ್ತುವರು. ಅಡುಗೆಮನೆಯಿಂದ ನನ್ನ ಹೆಂಡತಿ ನಗುವಳು. ನನ್ನ ನೋವು ಪೂರ್ತಿ ಹೋಯಿತೆಂದು ಹೇಳಲಾರೆ. ಈಗಲೂ ಮಾರ್ಚ್ ತಿಂಗಳಲ್ಲಿ ತಲೆ ಎತ್ತುತ್ತದೆ. ಪರಾಗದ ಗುಳಿಗೆ ಎಷ್ಟು ಕೆಲಸ ಮಾಡಿತು, ವ್ಯಾಯಾಮ ಎಷ್ಟು ಮಾಡಿತು, ಹೆಂಡತಿಗೆ ಹೇಳಿ ಹಗುರಾದದ್ದು ಎಷ್ಟು, ನನಗೆ ತಿಳಿಯದು. ಒಮ್ಮೆಗೆ ಒಂದೇ ಎಂಬ ಮಾವನವರ ಕಾಯಿದೆ ಅಲ್ಲಿ ಮುರಿದುಬಿದ್ದಿತ್ತು. ಹಾಗೆಂದಾಗ, “ಹಾರ ಎಲ್ಲಾದಕ್ಕೂ ಹಾಕೂಣು ಬಿಡ್ರಿ,” ಎಂದಿದ್ದರು.

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಹೃದಯ ನಿಂತಿತು, ಹೊಟ್ಟೆಯದೂ ಅಲ್ಲ, ಪ್ರಾಸ್ಟೇಟಿನದೂ ಅಲ್ಲ. ಮಧ್ಯಾಹ್ನ ಊಟ ಮಾಡಿ, ಕೂಲರಿನ ಮುಂದೆ ಅಡ್ಡಾದವರು ಏಳಲಿಲ್ಲ.

ಆ ದಿನಗಳಲ್ಲಿ ಮಾತಾಡಿಸಲು ಬಂದವರಲ್ಲಿ ನೆಂಟರು, ಕಚೇರಿಯ ಹಳೆಯ ಗೆಳೆಯರು ಇದ್ದರು. ಅವರಲ್ಲದೆ ಒಬ್ಬೊಬ್ಬರಾಗಿ ಬರುವ ಗಂಡಸರೂ ಇದ್ದರು. ಒಬ್ಬ ಆಟೋ ಓಡಿಸುವವನು, ಒಬ್ಬರು ಕಾಲೇಜಿನ ಪ್ರಾಧ್ಯಾಪಕರು, ಸದರ್‌ನ ಚರ್ಚಿನ ಹತ್ತಿರ ವಾಸವಾಗಿದ್ದ ಒಬ್ಬ ಮುದುಕರು. ಬಂದು, ಫೋಟೋಕ್ಕೆ ಕೈಮುಗಿದು, ಹೇಗೆ ಪರಿಚಯ ಎಂದರೆ, “ಮುಂಜಾನೆ ಒಟ್ಟಿಗೆ ಅಡ್ಡಾಡುತ್ತಿದ್ದೆವು,” ಎಂದಷ್ಟೇ ಹೇಳಿ ಹೋಗುತ್ತಿದ್ದರು.

ಕ್ರಿಯೆಗಳೆಲ್ಲ ಮುಗಿದ ಮೇಲಿನ ಒಂದು ಮಧ್ಯಾಹ್ನ ಅತ್ತೆಯವರು ನನ್ನನ್ನು ಕರೆದು ಕೇಳಿದರು. “ಅವರೆಲ್ಲಾ ಯಾರ್ರೀ? ನಾ ಒಬ್ಬರನ್ನೂ ನೋಡಿದ್ದಿಲ್ಲ.”

ನಾನು ಹೇಳಿದೆ. ನನ್ನ ನೋವೇ ಅವರದೂ. ಬೇರೆ ಯಾರ ಹತ್ತಿರವೂ ಆಡಲಾಗದ್ದನ್ನು ಮಾವನವರ ಹತ್ತಿರ ಆಡಿದವರು.

ಅತ್ತೆಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

“ತಮಗ ನೋವೈತಿ ಅಂತ ನನಗ ಹೇಳಿದ್ದಿಲ್ಲ,” ಎಂದರು. “ನಿಮ್ಮ ಹೆಂಡತಿ ಸಾಲಿಗೆ ಹೋಗೋ ಹುಡಿಗಿ ಇದ್ದಾಗಿನ ಮಾತು. ಎಷ್ಟೋ ವರ್ಷ ನನ್ನ ಕಡೆ ತಿರುಗಿ ನೋಡಲಿಲ್ಲ. ಗಂಡು ಹಡೀಲಿಲ್ಲ ಅಂತ ಸಿಟ್ಟಿರಬೇಕು ಅಂತ ನಾನು ಸೋಮವಾರ ಉಪಾಸ ಮಾಡತಿದ್ದೆ. ರಿಟೈರ್ ಆದ ಮ್ಯಾಲೆ ಒಂದಿನ ಎದುರಿಗೆ ಕುಂತು, ಹಿಂಗ ನೋವಿತ್ತು ಅಂತ ಹೇಳಿದ್ರು. ಹೇಳಿ, ಮಾಫ್ ಮಾಡು ಅಂದ್ರು. ನಾ ಅವತ್ತು ಅವರನ್ನ ಏನು ಬೈದೆ, ಏನು ಬೈದೆ! ಅಷ್ಟೂ ವರ್ಷ ನಾ ಯಾರಿಗೆ ಉಪಾಸ ಮಾಡಿದ್ನೋ!”

ಸೆರಗಿನಿಂದ ಮುಖ ಒರೆಸಿಕೊಂಡರು. “ಅವತ್ತಿನಿಂದ ನೋಡ್ರಿ, ಕಂಡಕಂಡವರಿಗೆ ಹೇಳಾಕತ್ತರು.”

ಮಾವನವರ ಋಣವನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ನೆನೆದಿದ್ದೇನೆ. ಕೆರೆಯ ದಂಡೆಯ ಮೇಲೆ ಅವರು ಅಂದು ಬಾಯಿ ಬಿಟ್ಟು ಕೇಳದಿದ್ದರೆ ನನ್ನ ಸಂಸಾರ ಏನಾಗುತ್ತಿತ್ತೋ ಎಂದು. ಆದರೆ ಹಾಗೆ ಬಾಯಿ ಬಿಡುವುದನ್ನು ಅವರು ಎಲ್ಲಿ ಕಲಿತರು, ಅದಕ್ಕಾಗಿ ಯಾರ ಹರೆಯ ಸವೆಯಿತು ಎಂಬುದು ಅಂದೇ ತಿಳಿದದ್ದು. ನಾನು ಅತ್ತೆಯವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. “ಯಾಕ್ರಿ? ಇವತ್ತೇನು ಹಬ್ಬ?” ಎಂದು ಅವರು ಕಾಲು ಹಿಂದೆ ಎಳೆದುಕೊಂಡರು.